ಬಾಗಿಲಲ್ಲಿ ಹಾಸಿದ ಮುಖ

ಗೋವಿಂದಪ್ಪನ ಮೂಗನ್ನು ಬನಶಂಕರಮ್ಮ ಕಣ್ಣು ಮುಚ್ಚಿಕೊಂಡೇ ಬರೆಯಬಲ್ಲಳು. ಹುಬ್ಬಿನ ಕೆಳಗೆ ಒಂದು ತಗ್ಗು, ನಡುವೆ ಗಂಟು, ಗಂಟಿನಿಂದ ಕೆಳಕ್ಕೆ ಗಿಳಿಯ ಕೊಕ್ಕಿನಂಥ ಇಳಿಜಾರು. ಇಷ್ಟಾದರೆ ಮನುಷ್ಯ ಬಂದು ನಿಂತ ಹಾಗೇ. ಪಕ್ಕದಿಂದ ನೋಡಬೇಕಾದ ಮುಖ ಅದು. ಎದುರಿನಿಂದ ನೋಡಿದರೆ ಹಿಂದೂಪುರದ ಯಾವ ಮೇಷ್ಟ್ರಾದರೂ ಆಗಬಹುದಿತ್ತು.

ಆ ಮೂಗನ್ನು ಅವಳು ಮೊದಲು ಭಕ್ತಿಯಿಂದ ನೋಡಿ ಕಲಿತಳು. ಮರೆಯದಂತೆ ಕಾಪಾಡಿಕೊಂಡದ್ದು ಮಾತ್ರ ಸಿಟ್ಟಿನಿಂದ.

ಬನಶಂಕರಮ್ಮ ಹಿಂದೂಪುರದ ನೇಕಾರರ ಕೇರಿಯವಳು. ಅಪ್ಪ ಸುಬ್ಬರಾಯಪ್ಪ ಮಗ್ಗದ ಗುಂಡಿಯಲ್ಲಿ ಕೂತು ಸೀರೆ ನೇಯುತ್ತಿದ್ದ. ಅವನಿಗೆ ಬೇಕಾದ ಅಂಚು, ಬುಟ್ಟಾಗಳನ್ನು ಚೌಕಳಿ ಕಾಗದದ ಮೇಲೆ ಬರೆದುಕೊಡುವುದು ಮಗಳ ಕೆಲಸ. ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಹಂಸದ ಕತ್ತು ಸೊಟ್ಟಗಾಗುತ್ತದೆ. ಹಾಗಾಗಿ ಅವಳ ಕೈಗೆ ಅಂದಾಜಿನ ಅಭ್ಯಾಸವೇ ಬರಲಿಲ್ಲ. ಮದುವೆಯಾದ ಎರಡನೆಯ ವರ್ಷ ಗಂಡ ಜ್ವರದಲ್ಲಿ ತೀರಿಕೊಂಡ. ತವರಿಗೆ ಮರಳಿ ಬಂದಾಗ ಅಪ್ಪನೂ ಇರಲಿಲ್ಲ. ಮಗ್ಗದಲ್ಲಿ ಅಣ್ಣ ಜಯರಾಮಪ್ಪ ಕೂತಿದ್ದ. ಒಲೆಯ ಮುಂದೆ ಮಂಕಾಗಿ ಕೂತ ನಾದಿನಿಯನ್ನು ನೋಡಿ ನೋಡಿ ಅತ್ತಿಗೆ ಚಿನ್ನಕ್ಕ ಒಂದು ದಿನ ಹೇಳಿದಳು:

"ಕೈಯಾಗೆ ಗೆರೆ ಐತೆ ನಿಂಗೆ. ಅಳ್ತಾ ಕೂತ್ಕಂಡ್ರೆ ಆ ಗೆರೆ ನೆಂದೋಯ್ತದೆ ಅಷ್ಟೇ. ಆ ಡ್ರಾಯಿಂಗ್ ಮೇಷ್ಟ್ರ ಹತ್ರ ಕಲ್ತು ಪರೀಕ್ಷೆ ಕಟ್ಟು ಹೋಗಮ್ಮ."

ಡ್ರಾಯಿಂಗ್ ಮೇಷ್ಟ್ರೆಂದರೆ ಗೋವಿಂದಪ್ಪ. ಪರಿಗಿ ಕಡೆಯ ರೈತರ ಮನೆಯವನು, ಹಿಂದೂಪುರದ ಒಂದು ಹೈಸ್ಕೂಲಿನಲ್ಲಿ ಕೆಲಸ. ಕಲಿಸುವುದರಲ್ಲಿ ಅವನು ಮೋಸ ಮಾಡಿದವನಲ್ಲ; ಅದನ್ನು ಬನಶಂಕರಮ್ಮ ಕೊನೆಯವರೆಗೂ ಒಪ್ಪುತ್ತಿದ್ದಳು. ಅವನ ಬಳಿ ಮದರಾಸಿನಿಂದ ತಂದ ಒಂದು ದಪ್ಪ ಪುಸ್ತಕವಿತ್ತು, ತುಂಬ ಹಳೆಯ ನಾಗರಿಕತೆಗಳ ಚಿತ್ರ. ಅದನ್ನು ಮುಂದಿಟ್ಟುಕೊಂಡು ಅವನು ವಿವರಿಸುತ್ತಿದ್ದ. ಈಜಿಪ್ಟಿನವರು ಮನುಷ್ಯನನ್ನು ಕಂಡಂತೆ ಬರೆಯಲಿಲ್ಲ, ತಿಳಿದಂತೆ ಬರೆದರು. ಮುಖ ಪಕ್ಕದಿಂದ, ಅದರಲ್ಲಿ ಕಣ್ಣು ಮಾತ್ರ ಎದುರಿನಿಂದ. ಭುಜ ಎದುರಿನಿಂದ, ಕಾಲು ಮತ್ತೆ ಪಕ್ಕದಿಂದ. ಯಾವ ಅಂಗ ಯಾವ ಕಡೆಯಿಂದ ಚೆನ್ನಾಗಿ ಗುರುತು ಸಿಗುತ್ತದೋ ಆ ಕಡೆಯಿಂದ. ದೊರೆ ದೊಡ್ಡವನು, ಆಳು ಚಿಕ್ಕವನು. ಅದು ದೂರ ಹತ್ತಿರದ ಲೆಕ್ಕವಲ್ಲ, ಅಂತಸ್ತಿನ ಲೆಕ್ಕ.

ಪುಸ್ತಕದ ಇಂಗ್ಲಿಷ್ ಮಾತುಗಳಿಗೆಲ್ಲ ಅವಳು ಮಗ್ಗದಿಂದ ಅರ್ಥ ತಂದುಕೊಂಡಳು. ಗೋಡೆಯುದ್ದಕ್ಕೂ ಸಾಲಾಗಿ ಹೋಗುವ ಫ್ರೀಜ್ ಎಂದರೆ ಸೀರೆಯ ಅಂಚು. ಮತ್ತೆ ಮತ್ತೆ ಬರುವ ಮೋಟಿಫ್ ಎಂದರೆ ಬುಟ್ಟಾ. ಕಲ್ಲಿನಿಂದ ಅರ್ಧ ಎದ್ದುಬಂದ ಉಬ್ಬುಶಿಲ್ಪವನ್ನು ಅವಳು ಬೆರಳಿನಿಂದಲೇ ತಿಳಿದಳು, ಏಕೆಂದರೆ ಜರಿಯ ಬುಟ್ಟಾ ಕೂಡ ಬಟ್ಟೆಯಿಂದ ಹಾಗೆಯೇ ಎದ್ದು ಕೈಗೆ ತಗಲುತ್ತದೆ. ಸಿಂಧೂ ಕಣಿವೆಯ ಮುದ್ರೆಯಲ್ಲಿ ಗೂಳಿಯನ್ನು ತಿರುವುಮುರುವಾಗಿ ಕೆತ್ತುತ್ತಿದ್ದರು, ಒತ್ತಿದಾಗ ನೆಟ್ಟಗೆ ಬರಲೆಂದು. ಇದನ್ನು ಕೇಳಿದಾಗ ಅವಳಿಗೆ ನಗು ಬಂತು. ಮಗ್ಗದಲ್ಲೂ ಅಷ್ಟೇ: ನೇಯುವವನ ಕಣ್ಣಿಗೆ ಕಾಣುವುದು ಬಟ್ಟೆಯ ಬೆನ್ನು; ಮುಖ ನೆಲದ ಕಡೆಗಿರುತ್ತದೆ.

ಆಂಧ್ರ ರಾಜ್ಯವಾದ ವರ್ಷ ಗೋವಿಂದಪ್ಪ ಅವಳ ಕೈಲಿ ದೊಡ್ಡ ಪಟಗಳನ್ನು ಬರೆಸಲು ಶುರುಮಾಡಿದ. ಮಿಲ್ ಬಟ್ಟೆಗೆ ಹುಣಿಸೆಬೀಜದ ಗಂಜಿ ಎರಡು ಸಲ ಬಳಿದು, ಒಣಗಿಸಿ, ನುಣುಪುಗಲ್ಲಿನಿಂದ ಉಜ್ಜಿ, ಅದರ ಮೇಲೆ ಬಣ್ಣ. ಈಜಿಪ್ಟಿನ ದೊರೆ ತೇರಿನಲ್ಲಿ ನಿಂತದ್ದು. ಅಸ್ಸೀರಿಯದ ಗೋಡೆಯಲ್ಲಿ ಬಾಣ ನಾಟಿದ ಸಿಂಹಿಣಿ ಹಿಂಗಾಲು ಎಳೆದುಕೊಂಡು ಹೋಗುವುದು. ಗ್ರೀಕರ ಕೆಂಪು ಹೂಜಿ, ಅದರ ಕುತ್ತಿಗೆಗೆ ಸುತ್ತಿ ಸುತ್ತಿ ಬರುವ ಗೆರೆ. ಸಿಂಹಿಣಿಯನ್ನು ಬರೆಯುವಾಗ ಅವಳು ಊಟ ಬಿಟ್ಟು ಕೂತಿದ್ದಳು. ಆ ಹಿಂಗಾಲಿನಲ್ಲಿ ಜೀವ ಹೋಗಿದೆ, ಮುಂಗಾಲಿನಲ್ಲಿ ಇನ್ನೂ ಇದೆ. ಎರಡನ್ನೂ ಒಂದೇ ಗೆರೆಯಲ್ಲಿ ತೋರಿಸಬೇಕಿತ್ತು.

ಜಿಲ್ಲೆಯ ವಿದ್ಯಾಧಿಕಾರಿ ಶಾಲೆಗೆ ಬಂದ ದಿನ ಪಟಗಳನ್ನು ಗೋಡೆಗೆ ತೂಗುಹಾಕಿದರು. ಬನಶಂಕರಮ್ಮ ಹೆಂಗಸರ ಜೊತೆ ಹಿಂದೆ ನಿಂತಿದ್ದಳು. ಪ್ರತಿ ಪಟದ ಬಲ ಮೂಲೆಯಲ್ಲೂ ಕಪ್ಪು ಶಾಯಿಯಲ್ಲಿ ಗೋವಿಂದಪ್ಪನ ರುಜು ಇತ್ತು. ಸಿಂಹಿಣಿಯ ಹಿಂಗಾಲಿನ ಪಕ್ಕದಲ್ಲೂ.

ಎಲ್ಲ ಮುಗಿದ ಮೇಲೆ ಅವಳು ಕೇಳಿದಳು.

"ಹೆಣ್ಣುಮಗಳ ಹೆಸ್ರು ಹಾಕಿದ್ರೆ ಯಾರು ನೋಡ್ತಾರೆ ಕಣಮ್ಮ?" ಎಂದ ಗೋವಿಂದಪ್ಪ, ಬೇಸರವಿಲ್ಲದೆ, ಪಾಠ ಹೇಳುವ ದನಿಯಲ್ಲೇ. "ಪುಸ್ತಕ ನಂದು, ಐಡಿಯಾ ನಂದು. ನೀನು ಬಣ್ಣ ತುಂಬ್ದೆ, ಅಷ್ಟೇ ಅಲ್ವಾ?"

ಬಣ್ಣ ತುಂಬಿದೆ, ಅಷ್ಟೇ. ಬಯ್ದಿದ್ದರೆ ಅವಳು ಮರೆಯುತ್ತಿದ್ದಳೇನೋ.

ಪರೀಕ್ಷೆ ಪಾಸಾಯಿತು. ಕಲ್ಯಾಣದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಪೆನುಗೊಂಡೆ ದಾಟಿ ಬಸ್ಸು ಆ ಬಂಡೆಗಳ ಸೀಮೆಯೊಳಗೆ ನುಗ್ಗಿದಾಗ ಅವಳ ಟ್ರಂಕಿನಲ್ಲಿ ನಾಲ್ಕು ಸೀರೆ, ಬಣ್ಣದ ಡಬ್ಬಿ, ಒಂದು ಸುರುಳಿ ಚೌಕಳಿ ಕಾಗದ ಇದ್ದವು. ಪಟಗಳು ಹಿಂದೂಪುರದಲ್ಲೇ ಉಳಿದವು. ಆಮೇಲೆ ಅವು ಜಿಲ್ಲೆಯೆಲ್ಲ ತಿರುಗಿದವು. ಯಾವ ಊರಿನಲ್ಲಿ ಪ್ರದರ್ಶನವಾದರೂ ಗೋವಿಂದಪ್ಪನ ಹೆಸರು ಹೊತ್ತುಕೊಂಡು ಹೋಗಿ ಬಂದವು. ಪ್ರತಿ ಸಲ ಸುದ್ದಿ ಕೇಳಿದಾಗಲೂ ಬನಶಂಕರಮ್ಮ ಎದ್ದುಹೋಗಿ ಕೊಡದಿಂದ ನೀರು ಬಗ್ಗಿಸಿ ಕುಡಿದು ಬಂದು ಕೂರುತ್ತಿದ್ದಳು. ಆ ರುಜು ಹೋಗಬೇಕು. ಅದಕ್ಕಿಂತ ಮೊದಲು ಅವನು ನಾಲ್ಕು ಜನರ ಕಾಲಡಿಗೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ದಾರಿ ಸಿಕ್ಕಿದ್ದು ಪಾಠ ಮಾಡುವಾಗ. ಈಜಿಪ್ಟಿನ ದೊರೆಗಳು ಶತ್ರುಗಳ ಚಿತ್ರವನ್ನು ತಮ್ಮ ಚಪ್ಪಲಿಯ ಅಟ್ಟೆಯ ಮೇಲೆ, ಕಾಲಿಡುವ ಮಣೆಯ ಮೇಲೆ ಬರೆಸುತ್ತಿದ್ದರು. ದೊರೆ ನಡೆದಷ್ಟು ಹೊತ್ತೂ ಶತ್ರು ತುಳಿಸಿಕೊಳ್ಳಬೇಕು. ಈ ಸಂಗತಿಯನ್ನು ಅವಳಿಗೆ ಹೇಳಿಕೊಟ್ಟವನು ಗೋವಿಂದಪ್ಪನೇ. ಅದನ್ನು ಹುಡುಗಿಯರಿಗೆ ಹೇಳುತ್ತ ಹೇಳುತ್ತ ಅವಳು ಸೀಮೆಸುಣ್ಣ ಹಿಡಿದ ಕೈಯನ್ನು ಹಲಗೆಯ ಮೇಲೆ ಹಾಗೇ ನಿಲ್ಲಿಸಿದಳು.

ಸಂಜೆ ಮನೆಯೊಡತಿ ರಂಗಲಕ್ಷ್ಮಮ್ಮನಿಗೂ ಹೇಳಿದಳು. ರಂಗಲಕ್ಷ್ಮಮ್ಮ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು.

"ಚಪ್ಪಲಿ ಮೇಲೆ ಶತ್ರು ಬೊಮ್ಮನಾ?" ಎಂದು ಆಕೆ ನಕ್ಕಳು. "ನಾವಾದ್ರೆ ಬಾವಿ ಹತ್ರ ನಿಂತ್ಕಂಡು ಬಾಯ್ತುಂಬ ಬೈದ್ಬುಟ್ಟು ಬತ್ತೀವಿ. ಅವ್ರಿಗೆ ಬೈಯಾಕೆ ಬರ್ತಿರ್ಲಿಲ್ವಾ ಪಾಪ?"

"ಬೈಗಳು ಒಂದಿನಕ್ಕೆ ಕಣಕ್ಕಾ. ಅಟ್ಟೆ ಸವೆಯೋವರ್ಗೂ ಇದು."

ರಂಗಲಕ್ಷ್ಮಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ನಿಂಗೂ ಯಾರೋ ಶತ್ರು ಅವ್ರೆ," ಎಂದಳು. ಮತ್ತೆ ಕಡಲೆಕಾಯಿಗೆ ಕೈಹಾಕಿದಳು.

ಅರವತ್ತೊಂದರಲ್ಲಿ ಹಿಂದೂಪುರದಲ್ಲಿ ಶಾಲೆಗಳ ಪ್ರದರ್ಶನವೆಂದು ಗೊತ್ತಾಯಿತು. ಒಂದು ಕೋಣೆ ಪೂರ್ತಿ ಪ್ರಾಚೀನ ಕಲೆಗೆ ಮೀಸಲು. ಗೋಡೆಗೆ ಗೋವಿಂದಪ್ಪನ ಪಟಗಳು. ಕೋಣೆಯನ್ನು ಅಣಿಮಾಡಿ ನೋಡಿಕೊಳ್ಳುವ ಕೆಲಸ ಕಲ್ಯಾಣದುರ್ಗದ ಶಾಲೆಗೆ. ಬನಶಂಕರಮ್ಮ ಅಂದೇ ಚೌಕಳಿ ಕಾಗದ ಬಿಚ್ಚಿದಳು. ಕೈ ಹಿಂದಕ್ಕೆ ಕಟ್ಟಿಸಿಕೊಂಡು ಬೋರಲು ಬಿದ್ದ ಸೆರೆಯಾಳು. ಭುಜ ಎದುರಿನಿಂದ, ಕಾಲು ಪಕ್ಕದಿಂದ, ಕಣ್ಣು ಅಗಲ. ಎಲ್ಲ ಈಜಿಪ್ಟಿನ ನಿಯಮದಂತೆ. ಮೂಗು ಮಾತ್ರ ಪರಿಗಿಯದು.

ಅದನ್ನು ಅಣ್ಣನಿಗೆ ಕೊಟ್ಟು ದಪ್ಪ ನೂಲಿನಲ್ಲಿ, ಬಾಗಿಲಗಲಕ್ಕೆ ನೇಯಲು ಹೇಳಿದಳು. ಬಟ್ಟೆಯ ಮುಖ ನೆಲದ ಕಡೆಗಿದ್ದದ್ದರಿಂದ ಜಯರಾಮಪ್ಪನಿಗೆ ನೇಯುವಷ್ಟು ದಿನವೂ ಗಂಟುಗಂಟು ನೂಲಲ್ಲದೆ ಬೇರೇನೂ ಕಾಣಲಿಲ್ಲ. ಮಗ್ಗದಿಂದ ಇಳಿಸಿ ತಿರುವಿ ಹಾಸಿದ ಮೇಲೆ ಅವನು ಕತ್ತು ಓರೆಮಾಡಿ ನೋಡಿದ.

"ಏನಮ್ಮಾ ಇದು, ನಮ್ ಗೋವಿಂದಪ್ಪ ಮೇಷ್ಟ್ರು ಇದ್ದಂಗವ್ರೆ?"

"ಈಜಿಪ್ಟಿನ ಸೆರೆಯಾಳು ಕಣಣ್ಣ."

"ಆ ದೇಶದಾಗೂ ಅಂಥ ಮೂಗು ಇತ್ತಾ!" ಎಂದು ಜಯರಾಮಪ್ಪ ಮೆಚ್ಚಿಕೊಂಡ.

ಚಿನ್ನಕ್ಕ ಒಳಗಿನಿಂದ ಬಂದು, ಮಗ್ಗದಿಂದ ಇಳಿದ ಎಲ್ಲ ಬಟ್ಟೆಗೂ ಮಾಡುವಂತೆ, ಒಂದು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕಣ್ಣಿಗೊತ್ತಿಕೊಂಡಳು. ಬನಶಂಕರಮ್ಮ ಅದನ್ನು ನೋಡಿದಳು. ನೋಡಿಯೂ ಅವಳಿಗೆ ಹೊಳೆಯಲಿಲ್ಲ. ಇಷ್ಟು ವರ್ಷ ಊರು ಬಿಟ್ಟಿದ್ದವಳ ತಲೆಯಲ್ಲಿ ಆಗ ಇದ್ದದ್ದು ಚಪ್ಪಲಿಗಳು ಮಾತ್ರ: ಬಾಗಿಲಲ್ಲಿ ಹಾಸುತ್ತೇನೆ, ಊರಿಗೆ ಊರೇ ತುಳಿದು ಒಳಗೆ ಬರುತ್ತದೆ. "ಎಲ್ಲಿ ಹಾಕ್ತೀಯ?" ಎಂದು ಅಣ್ಣ ಕೇಳಿದ್ದಕ್ಕೆ "ಬಾಗಿಲ ಹತ್ರ" ಎಂದಷ್ಟೇ ಹೇಳಿದಳು. ಅವನು ತೋರಣದ ಹಾಗೆ ಮೇಲೆ ಕಟ್ಟುತ್ತಾಳೆಂದುಕೊಂಡ. ತನ್ನ ಬಟ್ಟೆ ಪ್ರದರ್ಶನಕ್ಕೆ ಹೋಗುತ್ತದೆಂದು ಕೇರಿಯ ಮನೆಮನೆಗೂ ಹೇಳಿಕೊಂಡು ಬಂದ.

ಆ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದಾಗ ಮೊದಲು ಬಂದವರು ಅದೇ ಕೇರಿಯವರು. ಎಲ್ಲರಿಗಿಂತ ಮುಂದೆ, ಪಕ್ಕದ ಮನೆಯ ಮುದುಕಿ ನಾಗಕ್ಕ. ಬಾಗಿಲಲ್ಲಿ ಹಾಸಿದ್ದನ್ನು ಕಂಡವಳೇ ಗಕ್ಕನೆ ನಿಂತುಬಿಟ್ಟಳು.

"ಅಯ್ಯೋ, ಮಗ್ಗದ ಬಟ್ಟೆ ಬಿದ್ಬುಟ್ಟೈತಲ್ರಮ್ಮಾ ನೆಲ್ದಾಗೆ!"

"ಬಿದ್ದಿಲ್ಲ ನಾಗಕ್ಕ, ಹಾಸಿರೋದು. ತುಳ್ಕೊಂಡು ಬಾ."

"ತುಳೀಬೇಕಾ? ಅರಿಶಿನ ಕುಂಕುಮ ಐತಲ್ಲೇ ಮೂಲ್ಯಾಗೆ!" ನಾಗಕ್ಕ ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟಳು, ಬಗ್ಗಿ ಬಟ್ಟೆ ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ಸೀರೆಯ ನಿರಿಗೆ ಎತ್ತಿ ಹಿಡಿದು ಕೊಕ್ಕರೆಯ ಹಾಗೆ ಹಾರಿ ಒಳಗೆ ಬಂದಳು. "ಯಾವ ದೇವ್ರೇ ಇದು? ಮೂಗು ಬಾಳ ಜೋರಾಗೈತೆ."

ಅವಳ ಹಿಂದಿನವರೂ ಹಾಗೇ ಮಾಡಿದರು. ಆ ಜನ ಕೈಯಿಂದ ನೂತ ಎಳೆಯನ್ನೂ ಕಾಲಿಗೆ ತಾಕಿಸಿದವರಲ್ಲ. ಮಗ್ಗದ ಬಟ್ಟೆ ಉಡುವುದಕ್ಕೆ, ಹೊದೆಯುವುದಕ್ಕೆ, ದೇವರಿಗೆ, ನೆಲಕ್ಕಲ್ಲ. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟರು, ಬಗ್ಗಿದರು, ಒತ್ತಿಕೊಂಡರು, ಹಾರಿದರು. ಹಾರಲಾಗದ ಮುದುಕರು ಗೋಡೆ ಹಿಡಿದು ಅಂಚಿನಲ್ಲಿ ಜಾರಿಕೊಂಡರು. ಒಬ್ಬಳು ಮುಡಿಯಿಂದ ಒಂದು ಕನಕಾಂಬರ ತೆಗೆದು ಸೆರೆಯಾಳಿನ ಹಣೆಯ ಮೇಲಿಟ್ಟಳು; ಅದನ್ನು ಕಂಡು ಇನ್ನೂ ನಾಲ್ವರು ಇಟ್ಟರು. ಆಮೇಲೆ ಬಂದ ತೆಲುಗಿನ ಜನ ಮುಂದಿನವರನ್ನು ನೋಡಿ, ಇಲ್ಲಿ ಹೀಗೇ ಮಾಡಬೇಕೇನೋ ಎಂದುಕೊಂಡು, "ಏ ದೇವುಡಮ್ಮಾ?" ಎಂದು ಕೇಳುತ್ತ ತಾವೂ ಕೈಮುಗಿದರು.

ಬನಶಂಕರಮ್ಮ ಸಿಂಹಿಣಿಯ ಪಟದ ಕೆಳಗೆ ನಿಂತು ಎಲ್ಲವನ್ನೂ ನೋಡಿದಳು. ಒಂಬತ್ತು ಗಂಟೆಗೆ ಶುರುವಾದ ಪೂಜೆ ಹತ್ತೂವರೆಯಾದರೂ ನಿಲ್ಲಲಿಲ್ಲ. ತುಳಿಸಬೇಕೆಂದು ನೇಯಿಸಿದ ಮುಖಕ್ಕೆ ಹೂವು ಏರಿತ್ತು. ಮೂಗು ಹೂವಿನ ನಡುವೆ ಮೊದಲಿಗಿಂತ ಗತ್ತಿನಿಂದ ಎದ್ದುನಿಂತಂತಿತ್ತು.

ಜನ ಕೊಂಚ ತೆಳುವಾದಾಗ ಅವಳು ಬಾಗಿಲಿಗೆ ಬಂದಳು. ಯಾರೂ ತುಳಿಯದಿದ್ದರೆ ನಾನೇ ತುಳಿಯುತ್ತೇನೆ. ಬಲಗಾಲು ಎತ್ತಿದಳು. ಸೆರೆಯಾಳಿನ ಕೆನ್ನೆಯ ಮೇಲೆ ಅಣ್ಣ ಹಾಕಿದ ಅಡ್ಡನೂಲು ಎಳೆ ಎಳೆಯಾಗಿ ಕಾಣುತ್ತಿತ್ತು. ಎಲ್ಲೂ ಒಂದು ಚೌಕ ತಪ್ಪಿರಲಿಲ್ಲ. ಕಾಲು ಗಾಳಿಯಲ್ಲೇ ಉಳಿಯಿತು. ಅದನ್ನು ಕೆಳಗಿಡಲಾಗದ ತನ್ನ ಮೇಲೆ ಅವಳಿಗೆ ಬಂದ ಸಿಟ್ಟು, ಗೋವಿಂದಪ್ಪನ ಮೇಲಿದ್ದ ಸಿಟ್ಟಿಗಿಂತ ಕಡಿಮೆಯದಲ್ಲ. ಆದರೂ ಕಾಲು ಇಳಿಯಲಿಲ್ಲ. ಹಿಂದಕ್ಕೆಳೆದು ಬರಿನೆಲದ ಮೇಲಿಟ್ಟಳು.

ಅಷ್ಟರಲ್ಲಿ ಅಂಗಳದ ಕಡೆಯಿಂದ ದನಿ ಕೇಳಿಸಿತು. ಗೋವಿಂದಪ್ಪ, ಅನಂತಪುರದಿಂದ ಬಂದ ಅಧಿಕಾರಿಯನ್ನು ಕರೆದುಕೊಂಡು ಬರುತ್ತಿದ್ದ. ಹೊಸ ಬೂಟು, ಹೆಗಲ ಮೇಲೆ ಮಡಿಸಿದ ಉತ್ತರೀಯ. ಅವನ ಕಣ್ಣು ನೆಲದ ಮೇಲಿರಲಿಲ್ಲ. ಎದುರು ಗೋಡೆಯ ಪಟಗಳತ್ತ ಕೈ ಚಾಚಿ ಏನೋ ವಿವರಿಸುತ್ತ, ಬೂಟಿನ ಎರಡೂ ಕಾಲನ್ನು ಸರಿಯಾಗಿ ಆ ಮುಖದ ಮೇಲಿಟ್ಟು ನಿಂತ.

"ಅಯ್ಯಯ್ಯೋ ಸ್ವಾಮೀ!" ನಾಗಕ್ಕ ಚೀರಿದಳು. "ಬಟ್ಟೆ ತುಳಿದ್ಬುಟ್ರಲ್ಲಾ! ಬೂಟ್ನಾಗೆ!"

ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಗೋವಿಂದಪ್ಪ ಬೆಚ್ಚಿ ಕೆಳಗೆ ನೋಡಿದ. ಬಗ್ಗಿದಾಗ ಅವನ ಮುಖ ಜನರಿಗೆ ಪಕ್ಕದಿಂದ ಕಂಡಿತು. ಮೇಲೊಂದು ಮೂಗು, ಕೆಳಗೆ ಬೂಟುಗಳ ನಡುವೆ ಇನ್ನೊಂದು ಮೂಗು.

ಹಿಂದಿನಿಂದ ಯಾರೋ ಹೇಳಿದರು: "ಲೇ, ಮೇಷ್ಟ್ರ ಮೂಗೇ ಕಣ್ಲಾ ಅದು! ತಮ್ಮನ್ನ ತಾವೇ ತುಳ್ಕೊಂಡವ್ರೆ!"

ನಗು ಬಾಗಿಲಿನಿಂದ ಅಂಗಳಕ್ಕೆ ಹರಿಯಿತು. ಅಧಿಕಾರಿಗೆ ಕನ್ನಡ ಅಷ್ಟಾಗಿ ಬಾರದು. ಇದೇನು ಚಿತ್ರ, ಯಾಕೆ ನೆಲದ ಮೇಲಿದೆ ಎಂದು ಬನಶಂಕರಮ್ಮನನ್ನು ತೆಲುಗಿನಲ್ಲಿ ಕೇಳಿದರು.

"ಮೇಷ್ಟ್ರಿಗೆ ಗೊತ್ತು ಸಾರ್," ಎಂದಳು ಅವಳೂ ತೆಲುಗಿನಲ್ಲಿ, ಮೆಲ್ಲಗೆ. "ನನಗೆ ಕಲಿಸಿದವರೇ ಅವರು. ಅವರೇ ಹೇಳಲಿ."

ಗೋವಿಂದಪ್ಪ ಬಟ್ಟೆಯಿಂದ ಕೆಳಗಿಳಿಯಲಿಲ್ಲ. ಇಳಿಯಬೇಕೆಂದು ಅವನಿಗೆ ತೋಚಿದಂತೆ ಕಾಣಲಿಲ್ಲ. "ಈಜಿಪ್ಟಿನ ದೊರೆಗಳು..." ಎಂದು ಶುರುಮಾಡಿದ. ತಪ್ಪಿಲ್ಲದೆ ಹೇಳಿದ. ಚಪ್ಪಲಿಯ ಅಟ್ಟೆ, ಕಾಲಿನ ಮಣೆ, ಕಟ್ಟಿದ ಕೈಗಳು, ದೊರೆ ನಡೆದಷ್ಟು ಹೊತ್ತೂ ತುಳಿಸಿಕೊಳ್ಳುವ ಶತ್ರು. ಹೇಳುತ್ತ ಹೇಳುತ್ತ ದನಿ ತಗ್ಗುತ್ತ ಬಂತು.

"ಇಲ್ಲಿ ಯಾರ ಶತ್ರು?" ಎಂದರು ಅಧಿಕಾರಿ, ನಗುತ್ತ.

ಗೋವಿಂದಪ್ಪ ಬನಶಂಕರಮ್ಮನ ಮುಖ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. "ಬರೆದವರ ಶತ್ರು," ಎಂದ. ಅಧಿಕಾರಿ ಅದೂ ಪಾಠದ ಮಾತೆಂದುಕೊಂಡು ತಲೆದೂಗಿ, ಬಟ್ಟೆಯನ್ನು ದಾಟಿ ಒಳಗೆ ಹೋದರು.

ಸಂಜೆ ಜನ ಖಾಲಿಯಾದ ಮೇಲೆ ಅವನೊಬ್ಬನೇ ಮರಳಿ ಬಂದ. ಬೂಟು ಹೊರಗೆ ಬಿಟ್ಟಿದ್ದ. ಬಗ್ಗಿ ಬಟ್ಟೆಯನ್ನು ಎತ್ತಿ ತನ್ನ ಬೂಟಿನ ಮಣ್ಣನ್ನು ಕೊಡವಿದ, ಮಡಿಸಿ ಅವಳ ಕಡೆ ಚಾಚಿದ.

"ಈಗ ಸಮಾಧಾನ ಆಯ್ತೇನಮ್ಮಾ?"

"ಇನ್ನೂ ಇಲ್ಲ ಸಾರ್."

"ಮತ್ತೇನು ಮಾಡ್ಬೇಕು ನಾನು?"

ಅವಳು ಪಟಗಳ ಬಲ ಮೂಲೆಯತ್ತ ನೋಡಿದಳು.

"ಶಾಯಿ ಗಂಜಿಯೊಳಕ್ಕೆ ಇಳಿದೈತೆ. ಕೆರೆದ್ರೆ ಬಟ್ಟೆ ಕಿತ್ಕೊಂಡು ಬತ್ತದೆ."

"ಬರ್ಲಿ."

ಪೆನ್ಸಿಲ್ ಹೆರೆಯುವ ಬ್ಲೇಡು ಅವನ ಜೇಬಿನಲ್ಲೇ ಇತ್ತು. ಒಂದೊಂದೇ ಪಟದ ಮುಂದೆ ಮೊಣಕಾಲೂರಿ ಕೆರೆದ. ಅವಳು ಕುರ್ಚಿ ಕೊಡಲಿಲ್ಲ, ದೀಪ ಹತ್ತಿರ ತರಲಿಲ್ಲ, ಸಾಕು ಎನ್ನಲಿಲ್ಲ. ಸಿಂಹಿಣಿಯ ಮುಂದೆ ಮಾತ್ರ, "ಹಿಂಗಾಲು ಜೋಪಾನ," ಎಂದಳು. ಹಿಂಗಾಲಿಗೆ ಬ್ಲೇಡು ತಾಕಲಿಲ್ಲ. ಎಷ್ಟಾದರೂ ಅವನೂ ಗೆರೆಯ ಮನುಷ್ಯ. ರುಜು ಇದ್ದ ಕಡೆಯೆಲ್ಲ ಜುಂಗುಜುಂಗಾದ ಬಿಳಿಯ ಗಾಯ ಉಳಿಯಿತು.

ಎದ್ದು ನಿಂತು ಅವನು ಮೇಜಿನ ಮೇಲಿದ್ದ ಕುಂಚವನ್ನು ಶಾಯಿಯಲ್ಲಿ ಅದ್ದಿ ಅವಳಿಗೆ ಹಿಡಿದ. "ನಿನ್ನ ಹೆಸ್ರು ಬರ್ಕೋ. ನಾನು ಯಾರಿಗೂ ಏನೂ ಅನ್ನಲ್ಲ."

ಅವಳು ಕುಂಚ ತೆಗೆದುಕೊಳ್ಳಲಿಲ್ಲ. "ಹೆಸ್ರು ಇದ್ರೆ ಯಾರೂ ಕೇಳಲ್ಲ ಸಾರ್. ಕೆರೆದಿದ್ರೆ ಕೇಳ್ತಾರೆ."

ಅವನಿಗೆ ಅರ್ಥವಾಯಿತು. ಒಬ್ಬ ದೊರೆಯ ಹೆಸರನ್ನು ಕಲ್ಲಿನಿಂದ ಕೆತ್ತಿ ತೆಗೆಸಿದ ಇನ್ನೊಬ್ಬ ದೊರೆಯ ಕತೆಯನ್ನೂ ಅವನೇ ಅವಳಿಗೆ ಹೇಳಿದ್ದ. ಕೆತ್ತಿದ ಗುಂಡಿ ಉಳಿದದ್ದರಿಂದಲೇ ಅಲ್ಲಿ ಯಾರೋ ಇದ್ದರೆಂದು ಜನಕ್ಕೆ ಗೊತ್ತಾಯಿತೆಂದು. ಅವನು ಕುಂಚ ತೊಳೆದಿಟ್ಟು ಹೋದ.

ಹೆಸರಿಲ್ಲದ ಪಟಗಳು ಗೋವಿಂದಪ್ಪನಿಗೆ ಬೇಡವಾದವು. ಬನಶಂಕರಮ್ಮ ಕೇಳಿ ಅವನ್ನು ಕಲ್ಯಾಣದುರ್ಗದ ಶಾಲೆಗೆ ತಂದುಕೊಂಡಳು. ನೇಯ್ದ ಬಟ್ಟೆ ಹಿಂದೂಪುರದಲ್ಲೇ ಉಳಿಯಿತು, ಯಾಕೆಂದರೆ ಅವನೊಬ್ಬನ ಹೊರತು ಯಾರೂ ತುಳಿಯದ ಬಟ್ಟೆ ಅವಳಿಗೆ ಬೇಕಿರಲಿಲ್ಲ. ತವರಿಗೆ ಹೋದಾಗಲೆಲ್ಲ ಚಿನ್ನಕ್ಕ ರೇಗಿಸುತ್ತಿದ್ದಳು: "ನಿನ್ ಶತ್ರುಗೆ ಮಗ್ಗದ ಪೂಜೆ ದಿನ ನಾನು ಕುಂಕುಮ ಇಡ್ಬೇಕು, ನೋಡು ನನ್ ಕರ್ಮ. ತಗಂಡೋಗಮ್ಮ."

"ಇಡು ಇಡು," ಎನ್ನುತ್ತಿದ್ದಳು ಬನಶಂಕರಮ್ಮ. "ಅಲ್ಲಿ ನಾನು ವಿಚಾರಿಸ್ಕೊಂತಿದೀನಿ."

ವಿಚಾರಿಸಿಕೊಳ್ಳುವುದು ಹೇಗೆಂದರೆ, ಜೂನ್ ತಿಂಗಳಲ್ಲಿ ಶಾಲೆ ತೆರೆದು ಹೊಸ ಹುಡುಗಿಯರು ಬಂದು ಕೂತ ಮೇಲೆ ಅವಳು ಪಟಗಳನ್ನು ಗೋಡೆಗೆ ಹಾಕುತ್ತಿದ್ದಳು. ಬಾಯಿ ತೆರೆಯುತ್ತಿರಲಿಲ್ಲ. ಹುಡುಗಿಯರು ತೇರು ನೋಡುವರು, ಹೂಜಿ ನೋಡುವರು, ಸಿಂಹಿಣಿಯ ಮುಂದೆ ಕೊಂಚ ಹೆಚ್ಚು ಹೊತ್ತು ನಿಲ್ಲುವರು. ಅವಳು ಮೇಜಿನ ಹಿಂದೆ ಕೈಕಟ್ಟಿ ಕಾಯುವಳು. ಯಾವಳೋ ಒಬ್ಬಳು, ಸಾಮಾನ್ಯವಾಗಿ ಹಿಂದಿನ ಸಾಲಿನವಳು, ಬೆರಳು ತೋರಿಸಿ ಕೇಳಿಯೇ ಕೇಳುವಳು:

"ಇಲ್ಲಿ ಏನೋ ಕೆರೆದವ್ರಲ್ಲ ಟೀಚರ್, ಯಾರ ಹೆಸ್ರಿತ್ತು?"

ಬನಶಂಕರಮ್ಮ ಸೀಮೆಸುಣ್ಣ ಎತ್ತಿಕೊಂಡು ಕಪ್ಪುಹಲಗೆಯ ಕಡೆ ತಿರುಗುವಳು. ಮೊದಲು ಒಂದು ತಗ್ಗು, ಆಮೇಲೆ ಗಂಟು, ಆಮೇಲೆ ಇಳಿಜಾರು. "ಮೂಗಿನಿಂದ ಶುರುಮಾಡೋಣ," ಎನ್ನುವಳು.